ಲಾಂಗ್ ಕೋವಿಡ್‌ಗೆ ರಕ್ತ ಫಿಲ್ಟರ್ ಮಾಡೋ ಟ್ರಯಲ್‌ಗೆ ಸೇರೋ ಮುಂಚೆ ಏನೇನ್ ನೋಡ್ಬೇಕು

ಅಫೆರೆಸಿಸ್ ಅಂದ್ರೆ ಒಂದು ಕೈಯಿಂದ ರಕ್ತ ತೆಗ್ದು, ಮಷೀನಲ್ಲಿ ಪ್ಲಾಸ್ಮಾ (ರಕ್ತದ ದ್ರವ ಭಾಗ) ಬೇರೆ ಮಾಡಿ, ಬೇಡದ್ದನ್ನ ಸೋಸಿ, ಇನ್ನೊಂದು ಕೈಗೆ ವಾಪಸ್ ಬಿಡೋದು. ಕೊಲೆಸ್ಟ್ರಾಲ್ ತೀರಾ ಜಾಸ್ತಿ ಇರೋರಿಗೆ ಇದು ಹಳೇ ಚಿಕಿತ್ಸೆ, ಲಾಂಗ್ ಕೋವಿಡ್‌ಗೆ (ಕೋವಿಡ್ ಹೋದ್ಮೇಲೂ ತಿಂಗಳುಗಟ್ಟಲೆ ಉಳಿಯೋ ತೊಂದರೆ) ಮಾತ್ರ ಇನ್ನೂ ಸಾಬೀತಾಗಿಲ್ಲ.

ಮೊದ್ಲು ಕೇಳ್ಬೇಕಾದ್ದು ಶಾಮ್ (sham, ನಕಲಿ ಚಿಕಿತ್ಸೆ) ಗ್ರೂಪ್ ಇದ್ಯಾ ಅಂತ, ಅಂದ್ರೆ ಕೆಲವರಿಗೆ ಮಷೀನ್ ಹಾಕಿದ್ರೂ ನಿಜವಾಗಿ ಫಿಲ್ಟರ್ ಮಾಡಲ್ಲ, ಯಾರಿಗೆ ಯಾವ್ದು ಅಂತ ರೋಗಿಗೂ ಗೊತ್ತಿರಲ್ಲ, ಲಕ್ಷಣ ಅಳೆಯೋರಿಗೂ ಗೊತ್ತಿರಲ್ಲ. ಇದು ಮೋಸ ಅಲ್ಲ, ತುಂಬಾ ಮುಖ್ಯ, ಯಾಕಂದ್ರೆ ಈ ಕಾಯಿಲೆ ತಾನಾಗೇ ಏರಿಳಿತ ಆಗುತ್ತೆ. ಸ್ಪೇನಲ್ಲಿ 50 ಜನರ ಮೇಲೆ ಪ್ಲಾಸ್ಮಾ ಎಕ್ಸ್‌ಚೇಂಜನ್ನ (ಪ್ಲಾಸ್ಮಾ ತೆಗ್ದು ಬದಲಿ ದ್ರವ ಹಾಕೋ, ಇದೇ ಥರದ ಚಿಕಿತ್ಸೆ) ಹೀಗೇ ಪರೀಕ್ಷೆ ಮಾಡಿದಾಗ ಎರಡೂ ಗುಂಪಿಗೆ ಹೇಳ್ಕೊಳ್ಳೋ ವ್ಯತ್ಯಾಸ ಕಾಣ್ಲಿಲ್ಲ.

ಟ್ರಯಲ್ ರಿಜಿಸ್ಟರ್ ಆಗಿದ್ಯಾ, ಎಥಿಕ್ಸ್ ಕಮಿಟಿ ಒಪ್ಪಿಗೆ ಇದ್ಯಾ ನೋಡಿ. ಚಿಕಿತ್ಸೆಗೇ ದೊಡ್ಡ ದುಡ್ಡು ಕೇಳಿದ್ರೆ ದಯವಿಟ್ಟು ಹಿಂದೆ ಸರೀರಿ.

ಹೆಪಾರಿನ್ (ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಔಷಧಿ) ಕೊಡೋದ್ರಿಂದ ರಕ್ತಸ್ರಾವದ ಅಪಾಯ ಇದೆ, ಬಿಪಿ ಇಳೀಬಹುದು, ತಗೊಳ್ತಿರೋ ಮಾತ್ರೆ ಎಲ್ಲಾ ಹೇಳಿ. ಓಡಾಟದಿಂದ್ಲೇ ಸುಸ್ತು ಹೆಚ್ಚಾಗೋರು ಪ್ರತಿ ಸೆಷನ್ ಆದ್ಮೇಲೆ ರೆಸ್ಟ್‌ಗೆ ದಿನ ಇಟ್ಕೊಳ್ಳಿ. ಲಕ್ಷಣಗಳ ಡೈರಿಯನ್ನ ಶುರುವಾಗೋ ಕೆಲವು ವಾರ ಮುಂಚಿನಿಂದ್ಲೇ ಬರೀರಿ, ಮುಗಿದ್ಮೇಲೂ ನಿಲ್ಲಿಸ್ಬೇಡಿ.