ಮೇಷ್ಟ್ರ ಮಾರ್ಕ್ಸ್ ಪುಸ್ತಕದ ಕೊನೆಯ ಹಾಳೆಯಲ್ಲಿ ಒಂದು ಚುನಾವಣೆ

2008ರಲ್ಲಿ ನಾನು ಮಾಲ್ಡೀವ್ಸ್‌ನ ಒಂದು ಪುಟ್ಟ ದ್ವೀಪದಲ್ಲಿ ಗಣಿತದ ಮೇಷ್ಟ್ರಾಗಿದ್ದೆ. ಅಲ್ಲಿ ದೋಣಿಗೆ ದೋಣಿ ಎಂದೇ ಹೆಸರು. ಬಂದರಿನಲ್ಲಿ ಕೂರಲು ಹಗ್ಗ ಹೆಣೆದು ತೂಗುಹಾಕಿದ ಆಸನಕ್ಕೆ ಜೋಲಿ ಎನ್ನುತ್ತಾರೆ. ಸಂಜೆ ಆ ಜೋಲಿಯಲ್ಲಿ ಕುಳಿತರೆ ಊರಿನ ಸುದ್ದಿಯೆಲ್ಲ ತಾನಾಗಿ ಕಿವಿಗೆ ಬೀಳುತ್ತಿತ್ತು. ಆ ವರ್ಷದ ಸುದ್ದಿ ಒಂದೇ: ಅಕ್ಟೋಬರ್ 8ರ ಅಧ್ಯಕ್ಷೀಯ ಚುನಾವಣೆ. ಅದರ ಫಲಿತಾಂಶವನ್ನು ಮುಂಚೆಯೇ ಲೆಕ್ಕ ಹಾಕಿ ನೋಡೋಣ ಎಂದು ಹೊರಟೆ.

ಅದಕ್ಕೆ ಮುಂಚೆ ಅಲ್ಲಿ ಸಂಸತ್ತು ಒಂದೇ ಹೆಸರನ್ನು ಆರಿಸಿ ಜನರ ಮುಂದಿಡುತ್ತಿತ್ತು. ಜನ ಹೌದು ಅಥವಾ ಅಲ್ಲ ಎನ್ನಬೇಕಿತ್ತು. ಮೌಮೂನ್ ಅಬ್ದುಲ್ ಗಯೂಮ್ 1978ರಿಂದ ಆರು ಸಲ ಹೀಗೆಯೇ ಗೆದ್ದವರು. 2003ರಲ್ಲಿ ಅವರಿಗೆ ನೂರಕ್ಕೆ 90ರಷ್ಟು ಮತ ಬಿದ್ದಿತ್ತು. ಇಂಥ ಅಂಕಿಯನ್ನು ನಂಬಿ ಯಾರು ತಾನೇ ಲೆಕ್ಕ ಕಟ್ಟುತ್ತಾರೆ? ನನ್ನ ಕೈಗೆ ಸಿಕ್ಕಿದ ಒಂದೇ ಒಂದು ನಂಬಲರ್ಹ ಅಂಕಿ 2007ರ ಆಗಸ್ಟ್‌ನ ಜನಮತಗಣನೆಯದು. ಗಯೂಮ್ ಬಯಸಿದ ಅಧ್ಯಕ್ಷೀಯ ಪದ್ಧತಿಗೆ ಆಗ ಸುಮಾರು 62 ಶೇಕಡಾ ಮತ ಬಂದಿತ್ತು. ರಾಜಧಾನಿ ಮಾಲೆಯ ಬೀದಿಗಳಲ್ಲಿ ವಿರೋಧಿ ನಾಯಕ ಮೊಹಮದ್ ನಶೀದರ ಪಕ್ಷದ ಹಳದಿ ಬಾವುಟಗಳು ಎಷ್ಟೇ ಹಾರಲಿ, ಆಗ ಮೂರರಲ್ಲಿ ಎರಡು ಪಾಲು ಜನ ಇದ್ದದ್ದು ಮಾಲೆಯ ಹೊರಗೆ.

ನೇರವಾಗಿ ‘ಯಾರಿಗೆ ಹಾಕುತ್ತೀರಿ’ ಎಂದು ಕೇಳುವ ಹಾಗಿರಲಿಲ್ಲ. ನಾನು ಪರದೇಶದವನು. ಮೇಲಾಗಿ ಊರಿನ ಮುಖ್ಯಸ್ಥ ಕತೀಬ್ ಸರ್ಕಾರವೇ ನೇಮಿಸಿದ ಆಳು. ಹಾಗಾಗಿ ‘ನಿಮ್ಮ ಪಕ್ಕದ ಮನೆಯವರು ಯಾರಿಗೆ ಹಾಕಬಹುದು?’ ಎಂದು ಕೇಳುತ್ತಿದ್ದೆ. ತಮ್ಮ ಬಗ್ಗೆ ಬಾಯಿ ಬಿಡದವರು ಪಕ್ಕದ ಮನೆಯ ಬಗ್ಗೆ ಧಾರಾಳವಾಗಿ ಮಾತಾಡುತ್ತಾರೆ, ಇದು ನಮ್ಮೂರಲ್ಲೂ ಹಾಗೆಯೇ. ಕೇಳಿದ್ದನ್ನೆಲ್ಲ ಮಕ್ಕಳ ಮಾರ್ಕ್ಸ್ ಬರೆದಿಡುವ ಪುಸ್ತಕದ ಕೊನೆಯ ಹಾಳೆಯಲ್ಲಿ ಪೆನ್ಸಿಲ್ಲಿನಿಂದ ಶೇಕಡಾ ಲೆಕ್ಕದಲ್ಲಿ ಗೀಚಿಕೊಂಡೆ: ಗಯೂಮ್ 48, ನಶೀದ್ 30, ಉಳಿದವರು 22.

ಬಂದದ್ದು ಗಯೂಮ್ 41, ನಶೀದ್ 25, ಉಳಿದವರು 34. ಮೊದಲ ಸ್ಥಾನ, ಎರಡನೆಯ ಸ್ಥಾನ ಸರಿಯಾಗಿತ್ತು, ಆದರೆ ಮೇಷ್ಟ್ರು ತನ್ನ ಉತ್ತರಪತ್ರಿಕೆಗೆ ತಾನೇ ಕರುಣೆ ತೋರಿಸಬಾರದು. ಜನಮತಗಣನೆಯಲ್ಲಿ ಇದ್ದದ್ದು ಎರಡೇ ಆಯ್ಕೆ, ಇಲ್ಲಿ ಆರು ಅಭ್ಯರ್ಥಿಗಳು. ಹಿಂದಿನ ಅಟಾರ್ನಿ ಜನರಲ್ ಹಸನ್ ಸಯೀದ್, ಹಿಂದಿನ ಹಣಕಾಸು ಮಂತ್ರಿ ಕಾಸಿಂ ಇಬ್ರಾಹಿಂ, ಇಬ್ಬರೂ ಗಯೂಮರ ಸಂಪುಟದಿಂದಲೇ ಎದ್ದು ಬಂದವರು. ಗಯೂಮ್ ಬೇಡ, ನಶೀದರೂ ಬೇಡ ಎನ್ನುವವರಿಗೆ ಅವರು ಜಾಗ ಮಾಡಿಕೊಟ್ಟಿದ್ದರು. ಅಷ್ಟು ಜನ ಆ ಜಾಗಕ್ಕಾಗಿ ಕಾದಿದ್ದರು ಎಂಬುದು ನನಗೆ ಹೊಳೆದಿರಲಿಲ್ಲ.

ಯಾರೂ ಅರ್ಧ ದಾಟದ ಕಾರಣ ಅಕ್ಟೋಬರ್ 28ಕ್ಕೆ ಎರಡನೆಯ ಸುತ್ತು. ಈಗ ನನ್ನ ಕೈಯಲ್ಲಿ ನಿಜವಾದ ಲೆಕ್ಕವಿತ್ತು: ಗಯೂಮ್ 71,731, ನಶೀದ್ 44,293, ಸಯೀದ್ 29,633, ಕಾಸಿಂ 27,056, ಇನ್ನಿಬ್ಬರಿಗೆ ಸೇರಿ 3,854. ಸೋತವರ ಅರವತ್ತು ಸಾವಿರ ಮತಗಳಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಸಿಕ್ಕರೆ ಮಾತ್ರ ನಶೀದ್ ಗೆಲ್ಲುತ್ತಾರೆ. ಸಯೀದ್ ಮತ್ತು ಕಾಸಿಂ ಇಬ್ಬರೂ ಅವರಿಗೆ ಬೆಂಬಲ ಘೋಷಿಸಿದರು. ಆದರೆ ನಾಯಕ ಕೈ ತೋರಿಸಿದ ಕಡೆ ಜನ ಹೋಗುತ್ತಾರೆಯೇ?

ಇದಕ್ಕೆ ಅಂಗಡಿಯವನು ನೆರವಾದ. ಅವನು ಕಾಸಿಂ ಕಡೆಯವನು. ಹಾಲಿಲ್ಲದ ಚಹಾ ಮುಂದಿಟ್ಟು ಹೇಳಿದ: ‘‘ನಾನು ನಶೀದರಿಗೆ ಹಾಕುತ್ತೇನೆ ಸರ್. ನನ್ನ ಮಾವ ಹಾಕುವುದಿಲ್ಲ. ಅವರು ಕಾಸಿಂ ಸಾಹೇಬರಿಗೆ ಹಾಕಿದ್ದು ಅವರ ಉಪಕಾರ ನೆನೆದು. ಈ ಸಲ ಮಗನ ಸರ್ಕಾರಿ ಕೆಲಸ ನೆನೆಯುತ್ತಾರೆ.’’ ಸಯೀದರಿಗೆ ಹಾಕಿದ್ದ ನಮ್ಮ ಶಾಲೆಯ ಹುಡುಗ ಮೇಷ್ಟ್ರುಗಳಲ್ಲಿ ಇಂಥ ಎಳೆದಾಟ ಕಾಣಲಿಲ್ಲ. ಅವರಿಗೆ ಬೇಕಿದ್ದದ್ದು ಬದಲಾವಣೆ, ಅದು ಯಾರ ಕೈಯಿಂದ ಬಂದರೂ ಸರಿ.

ಹೀಗೆ ಸಯೀದರ ಹತ್ತರಲ್ಲಿ ಒಂಬತ್ತು, ಕಾಸಿಂರ ಹತ್ತರಲ್ಲಿ ಎಂಟು, ಚಿಲ್ಲರೆ ಮತಗಳಲ್ಲಿ ಅರ್ಧ ನಶೀದರಿಗೆ ಎಂದು ಹಂಚಿದೆ. ಕೂಡಿದಾಗ ನಶೀದ್ 94,500, ಗಯೂಮ್ 82,000.

ಎಣಿಕೆಯ ರಾತ್ರಿ ಅಂಗಡಿಯಲ್ಲಿ ರೇಡಿಯೊ ಮುಂದೆ ಕುಳಿತೆವು. ಒಂದೊಂದೇ ಪೆಟ್ಟಿಗೆಯ ಫಲಿತಾಂಶ ಓದುತ್ತಿದ್ದರು, ನಾನು ಗೀಟು ಹಾಕುತ್ತಿದ್ದೆ. ಕೊನೆಗೆ ನಿಂತದ್ದು ನಶೀದ್ 97,222, ಗಯೂಮ್ 82,121. ಗಯೂಮರ ಅಂಕಿ ಅಷ್ಟು ಹತ್ತಿರ ಬಂದದ್ದು ಜಾಣತನದಿಂದಲ್ಲ, ಒಂದು ತಪ್ಪು ಇನ್ನೊಂದು ತಪ್ಪನ್ನು ಸರಿದೂಗಿಸಿರಬೇಕು. ಎರಡನೆಯ ಸುತ್ತಿನಲ್ಲಿ ಮತಗಟ್ಟೆಗೆ ಇನ್ನೂ ಹೆಚ್ಚು ಜನ ಬಂದಾರು ಎಂಬುದನ್ನಂತೂ ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ನಮ್ಮ ದ್ವೀಪದ ಪೆಟ್ಟಿಗೆ ನಡುರಾತ್ರಿಯಲ್ಲಿ ಬಂದಿತ್ತು. ಅಲ್ಲಿ ನಶೀದ್ ಗೆಲ್ಲುತ್ತಾರೆ ಎಂದು ಬರೆದಿದ್ದೆ, ಗೆದ್ದವರು ಗಯೂಮ್. ನಾನು ಪೆನ್ಸಿಲ್ ಕೆಳಗಿಟ್ಟಾಗ ಅಂಗಡಿಯವನು ಲೋಟ ತೊಳೆಯುತ್ತಾ ಹೇಳಿದ: ‘‘ಮಾವ ಒಬ್ಬರೇ ಅಲ್ಲ ಸರ್.’’