ಸ್ಥಳೀಯ ಆಡಳಿತದಲ್ಲಿ ಹವಾಮಾನ ಕೆಲಸದ ಸಮನ್ವಯ: ಬಿಲ್ಲು, ಬಜೆಟ್ಟು, ಟೆಂಡರಿನ ದಾರಿ

ನಗರಸಭೆಯಂಥ ಸ್ಥಳೀಯ ಸಂಸ್ಥೆಯಲ್ಲಿ ಎಲ್ಲ ಶಾಖೆಗಳ ಹವಾಮಾನ ಕೆಲಸವನ್ನು ಜೋಡಿಸುವ ಸಮನ್ವಯಾಧಿಕಾರಿಯ ಕೈಯಲ್ಲಿ ಸಾಮಾನ್ಯವಾಗಿ ಪಂಪೂ ಇರುವುದಿಲ್ಲ, ಕಸದ ಲಾರಿಯೂ ಇರುವುದಿಲ್ಲ, ಬೀದಿದೀಪವೂ ಇರುವುದಿಲ್ಲ. ನೀರೆತ್ತುವವರು ಒಬ್ಬರು, ಕಸ ಸಾಗಿಸುವವರು ಇನ್ನೊಬ್ಬರು, ಬಿಲ್ಲು ಕಟ್ಟುವವರು ಮತ್ತೊಬ್ಬರು. ಹಾಗಾಗಿ ದಪ್ಪನೆಯ ಕ್ರಿಯಾಯೋಜನೆ ಬರೆಸುವುದರಿಂದ ಶುರು ಮಾಡಿದರೆ, ಅದು ಬಿಡುಗಡೆ ಸಮಾರಂಭದ ಮಾರನೆಯ ದಿನವೇ ಕಪಾಟು ಸೇರುತ್ತದೆ. ತಿಂಗಳ ಬಿಲ್ಲು, ಬಜೆಟ್ಟು, ಟೆಂಡರು ಈ ಮೂರು ಕಾಗದಗಳು ಯಾರು ಹೇಳಲಿ ಬಿಡಲಿ ಓಡಾಡುತ್ತಲೇ ಇರುತ್ತವೆ. ಹವಾಮಾನದ ಲೆಕ್ಕವನ್ನು ಅವುಗಳೊಳಗೆ ಸೇರಿಸುವುದೇ ಸಮನ್ವಯದ ಕೆಲಸ.

ಹುದ್ದೆ ಎಲ್ಲಿರಬೇಕು

ಪರಿಸರ ಶಾಖೆಯ ಅಡಿಯಲ್ಲಿಟ್ಟರೆ ಎಂಜಿನಿಯರಿಂಗ್ ಮತ್ತು ಹಣಕಾಸು ಶಾಖೆಗಳು ಆ ಹುದ್ದೆಯ ಪತ್ರಗಳಿಗೆ ಉತ್ತರಿಸುವುದು ನಿಧಾನ. ಮುಖ್ಯ ಆಡಳಿತಾಧಿಕಾರಿಯ ಕಚೇರಿಯಲ್ಲೋ ಹಣಕಾಸು ವಿಭಾಗದಲ್ಲೋ ಇದ್ದರೆ ವಾಸಿ. ಜಾಗಕ್ಕಿಂತ ಮುಖ್ಯವಾದದ್ದು ಕಚೇರಿ ಆದೇಶ. ಅದರಲ್ಲಿ ಮೂರು ಅಧಿಕಾರಗಳು ಬರಹದಲ್ಲೇ ಇರಲಿ: ಎಲ್ಲ ಶಾಖೆಗಳಿಂದ ವಿದ್ಯುತ್, ಇಂಧನ, ನೀರು, ಕಸದ ಅಂಕಿಅಂಶಗಳನ್ನು ನಿಗದಿತ ದಿನಾಂಕದೊಳಗೆ ಪಡೆಯುವುದು, ಕರಡು ಬಜೆಟ್ಟನ್ನೂ ದೊಡ್ಡ ಕಾಮಗಾರಿಗಳ ಅಂದಾಜುಪಟ್ಟಿಯನ್ನೂ ಮಂಜೂರಾತಿಗೆ ಮೊದಲೇ ನೋಡಿ ಟಿಪ್ಪಣಿ ಬರೆಯುವುದು, ಮುಖ್ಯಾಧಿಕಾರಿಯ ಪರಿಶೀಲನಾ ಸಭೆಯ ಕಾರ್ಯಸೂಚಿಯಲ್ಲಿ ಕಾಯಂ ಜಾಗ. ಎರಡನೆಯದನ್ನು ಬಿಟ್ಟುಕೊಡಬೇಡಿ. ಮಂಜೂರಾದ ಮೇಲೆ ಕೊಡುವ ಸಲಹೆ ಯಾರಿಗೂ ಬೇಡದ ಸಲಹೆ.

ಪ್ರತಿ ಶಾಖೆಯಿಂದ ಒಬ್ಬ ಸಂಪರ್ಕ ಅಧಿಕಾರಿ ಬೇಕು. ಶಾಖೆಯ ಮುಖ್ಯಸ್ಥರನ್ನೇ ಕೇಳಿದರೆ ಅವರು ಸಭೆಗೆ ಬರುವುದಿಲ್ಲ, ತೀರ ಕಿರಿಯರನ್ನು ಹಾಕಿದರೆ ಅವರಿಗೆ ತೀರ್ಮಾನದ ಅಧಿಕಾರ ಇರುವುದಿಲ್ಲ. ಅಂದಾಜುಪಟ್ಟಿ ತಯಾರಿಸುವ ಹಂತದ ಎಂಜಿನಿಯರೇ ಸರಿಯಾದ ಆಯ್ಕೆ.

ಮೊದಲ ಮೂರು ತಿಂಗಳು: ಬಿಲ್ಲುಗಳು

ಇಡೀ ಊರಿನ ಹೊರಸೂಸುವಿಕೆ (ಗಾಳಿಗೆ ಸೇರುವ, ಭೂಮಿಯ ಬಿಸಿಯೇರಿಸುವ ಅನಿಲಗಳು) ಲೆಕ್ಕ ಆಮೇಲೆ. ಮೊದಲು ಸಂಸ್ಥೆಯ ಸ್ವಂತ ಬಳಕೆ ನೋಡಿ. ಲೆಕ್ಕಪತ್ರ ವಿಭಾಗದಿಂದ ಕಳೆದ 36 ತಿಂಗಳ ವಿದ್ಯುತ್ ಬಿಲ್ಲುಗಳನ್ನು ತರಿಸಿ ಒಂದೇ ಹಾಳೆಯಲ್ಲಿ ಕೂರಿಸಿ. ಒಂದು ಮೀಟರಿಗೆ ಒಂದು ಸಾಲು: ಸಂಪರ್ಕ ಸಂಖ್ಯೆ, ಸ್ಥಳ, ಯಾವ ಶಾಖೆ, ಮಂಜೂರಾದ ಲೋಡು (ಒಮ್ಮೆಗೆ ಎಳೆಯಲು ಅನುಮತಿಯಿರುವ ವಿದ್ಯುತ್), ತಿಂಗಳ ಯೂನಿಟ್, ಪವರ್ ಫ್ಯಾಕ್ಟರ್ (ಎಳೆದ ವಿದ್ಯುತ್ತಿನಲ್ಲಿ ನಿಜವಾಗಿ ಕೆಲಸಕ್ಕೆ ಬಂದ ಪಾಲು), ದಂಡ. ಇಂಧನಕ್ಕೆ ಪ್ರತ್ಯೇಕ ಹಾಳೆ: ವಾಹನ ಸಂಖ್ಯೆ, ಲೀಟರು, ಕಿಲೋಮೀಟರು.

ಮೀಟರಿಗೂ ಸ್ಥಳಕ್ಕೂ ತಾಳೆ ಹಾಕುವುದರಲ್ಲೇ ಬಹಳ ಸಮಯ ಹೋಗುತ್ತದೆ. ಆದರೆ ಮೊದಲ ಉಳಿತಾಯ ಸಿಗುವುದೂ ಅಲ್ಲೇ. ಕೆಡವಿದ ಕಟ್ಟಡದ ಹೆಸರಲ್ಲಿ ಇನ್ನೂ ಕಟ್ಟುತ್ತಿರುವ ಕನಿಷ್ಠ ಶುಲ್ಕ, ಬೇಕಾದ್ದಕ್ಕಿಂತ ದುಪ್ಪಟ್ಟು ಮಂಜೂರಾದ ಲೋಡು, ಕೆಟ್ಟ ಕೆಪಾಸಿಟರಿನಿಂದಾಗಿ ಪ್ರತಿ ತಿಂಗಳೂ ಬೀಳುವ ಪವರ್ ಫ್ಯಾಕ್ಟರ್ ದಂಡ ಇವೆಲ್ಲ ಕಣ್ಣಿಗೆ ಬೀಳುತ್ತವೆ. ಇವುಗಳಿಂದ ಇಂಗಾಲ ಹೆಚ್ಚೇನೂ ಕಡಿಮೆಯಾಗದು, ನಿಜ. ಆದರೆ ಹಣಕಾಸು ಅಧಿಕಾರಿ ನಿಮ್ಮ ಫೋನ್ ಎತ್ತಲು ಶುರು ಮಾಡುತ್ತಾರೆ, ಮುಂದಿನ ಕೆಲಸಕ್ಕೆ ಅದು ಬೇಕು.

ಒಂದು ಎಚ್ಚರಿಕೆ: ಮೀಟರ್ ಓದದೆ ಅಂದಾಜಿನ ಮೇಲೆ ಹಾಕಿದ ಬಿಲ್ಲುಗಳನ್ನು ಬೇರೆ ಬಣ್ಣದಲ್ಲಿ ಗುರುತಿಸಿ. ಇಲ್ಲವಾದರೆ ಮೀಟರ್ ಸರಿಹೋದ ತಿಂಗಳು ಬಳಕೆ ಒಮ್ಮೆಲೇ ಏರಿದಂತೆಯೋ ಇಳಿದಂತೆಯೋ ಕಂಡು ಎಲ್ಲರೂ ತಪ್ಪು ಕಾರಣ ಹುಡುಕುತ್ತಾರೆ.

ಹೊರಸೂಸುವಿಕೆ ಲೆಕ್ಕ

ಊರಿನ ಮಟ್ಟದ ಲೆಕ್ಕಕ್ಕೆ 2014ರಲ್ಲಿ ಬಂದ ಜಿಪಿಸಿ ಎಂಬ, ನಗರಗಳ ಹೊರಸೂಸುವಿಕೆ ಲೆಕ್ಕದ ಜಾಗತಿಕ ಮಾನದಂಡವನ್ನೇ ಬಳಸಿ. ಕಟ್ಟಡ ಮತ್ತು ಸ್ಥಿರ ಇಂಧನ ಬಳಕೆ, ಸಾರಿಗೆ, ತ್ಯಾಜ್ಯ, ಕೈಗಾರಿಕಾ ಪ್ರಕ್ರಿಯೆ, ಕೃಷಿ ಮತ್ತು ಭೂಬಳಕೆ ಎಂದು ಅದು ವಿಂಗಡಿಸುತ್ತದೆ. ಮೊದಲ ಸಲಕ್ಕೆ ಆರಂಭದ ಮೂರೇ ಸಾಕು. ಸೂತ್ರ ಸರಳ: ಬಳಕೆಯ ಪ್ರಮಾಣ ಗುಣಿಸು ಹೊರಸೂಸುವಿಕೆ ಗುಣಾಂಕ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.68 ಕೆ.ಜಿ. ಇಂಗಾಲದ ಡೈಆಕ್ಸೈಡ್, ಪೆಟ್ರೋಲ್ ಆದರೆ ಸುಮಾರು 2.3 ಕೆ.ಜಿ. ವಿದ್ಯುತ್ತಿನ ಗುಣಾಂಕ ಮಾತ್ರ ದೇಶದಿಂದ ದೇಶಕ್ಕೆ ಬಹಳ ವ್ಯತ್ಯಾಸ. ಜಲವಿದ್ಯುತ್ ಹೆಚ್ಚಿರುವಲ್ಲಿ ಸೊನ್ನೆಯ ಹತ್ತಿರ, ಕಲ್ಲಿದ್ದಲೇ ಆಧಾರವಾಗಿರುವಲ್ಲಿ ಯೂನಿಟ್ಟಿಗೆ ಒಂದು ಕೆ.ಜಿ. ಹತ್ತಿರ. ನಿಮ್ಮ ಗ್ರಿಡ್ಡಿನ ಅಧಿಕೃತ ಗುಣಾಂಕವನ್ನೂ ಅದರ ವರ್ಷವನ್ನೂ ಹಾಳೆಯಲ್ಲೇ ಬರೆದಿಡಿ. ಗ್ರಿಡ್ ತಾನಾಗಿ ಶುದ್ಧವಾದದ್ದನ್ನು ಸಂಸ್ಥೆಯ ಸಾಧನೆಯೆಂದು ತೋರಿಸುವ ವರದಿಗಳು ಕಡಿಮೆಯೇನಿಲ್ಲ. ಯೂನಿಟ್ ಎಷ್ಟು ಇಳಿಯಿತು, ಗುಣಾಂಕ ಎಷ್ಟು ಇಳಿಯಿತು ಎಂಬುದನ್ನು ಬೇರೆ ಬೇರೆಯಾಗಿ ತೋರಿಸಿ.

ಕಸದಲ್ಲಿ ಎಡವುವವರು ಹೆಚ್ಚು. ಇಂದು ಸುರಿದ ಹಸಿಕಸ ದಶಕಗಳವರೆಗೆ ಮೀಥೇನ್ ಬಿಡುತ್ತಲೇ ಇರುತ್ತದೆ. ಆ ಮೀಥೇನ್ ನೂರು ವರ್ಷಗಳ ಅವಧಿಯಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಬಿಸಿಯೇರಿಸುತ್ತದೆ. ಲೆಕ್ಕಕ್ಕೆ ಎರಡು ದಾರಿಗಳಿವೆ: ಹಳೆಯ ಕಸವೆಲ್ಲ ಸೇರಿ ಈ ವರ್ಷ ಬಿಟ್ಟದ್ದು, ಅಥವಾ ಈ ವರ್ಷ ಸುರಿದದ್ದು ಮುಂದೆ ಒಟ್ಟು ಬಿಡಲಿರುವುದು. ಜಿಪಿಸಿ ಎರಡನ್ನೂ ಒಪ್ಪುತ್ತದೆ. ನಡುವೆ ದಾರಿ ಬದಲಿಸಿದರೆ ಮಾತ್ರ ಒಂದು ಗಾಡಿ ಕಸವೂ ಕಡಿಮೆಯಾಗದೆ ಅಂಕಿ ಕುಸಿದುಬಿಡುತ್ತದೆ.

ಲೆಕ್ಕವೇ ಗುರಿಯಾಗಬಾರದು. ಆರು ತಿಂಗಳಲ್ಲಿ ಮುಗಿಯದಿದ್ದರೆ, ಇದ್ದಷ್ಟಕ್ಕೆ ನಿಲ್ಲಿಸಿ, ಅಂದಾಜು ಎಲ್ಲೆಲ್ಲಿದೆ ಎಂದು ಬರೆದು ಮುಂದೆ ಹೋಗಿ.

ಯಾವ ಕೆಲಸ ಮೊದಲು

ಬೀದಿದೀಪದ ಲೆಕ್ಕ ಎಲ್ಲರಿಗೂ ಬೇಗ ಅರ್ಥವಾಗುತ್ತದೆ. 150 ವ್ಯಾಟಿನ ಸೋಡಿಯಂ ದೀಪ ಚೋಕ್ ಸೇರಿ ಸುಮಾರು 170 ವ್ಯಾಟ್ ಎಳೆಯುತ್ತದೆ. ಬದಲಿಗೆ 70 ವ್ಯಾಟಿನ ಎಲ್‌ಇಡಿ ಹಾಕಿ, ವರ್ಷಕ್ಕೆ 4,000 ಗಂಟೆ ಉರಿಸಿದರೆ ಕಂಬವೊಂದಕ್ಕೆ 400 ಯೂನಿಟ್ ಉಳಿತಾಯ. 5,000 ಕಂಬಗಳಿಗೆ 20 ಲಕ್ಷ ಯೂನಿಟ್. ಗ್ರಿಡ್ ಗುಣಾಂಕ ಯೂನಿಟ್ಟಿಗೆ 0.7 ಕೆ.ಜಿ. ಎಂದಿಟ್ಟುಕೊಂಡರೆ 1,400 ಟನ್ ಇಂಗಾಲದ ಡೈಆಕ್ಸೈಡ್ ಇಳಿಕೆ. ಆದರೆ ಮೀಟರಿಲ್ಲದೆ, ದೀಪಗಳ ಪಟ್ಟಿಯ ಆಧಾರದ ಮೇಲೆ ಬಿಲ್ಲು ಬರುವ ಕಡೆ ದೀಪ ಬದಲಾದರೂ ಬಿಲ್ಲು ಹಾಗೇ ಇರುತ್ತದೆ. ವಿದ್ಯುತ್ ಕಂಪನಿಯ ಪಟ್ಟಿಯಲ್ಲಿ ಹಳೆಯ ವ್ಯಾಟೇ ಕೂತಿರುತ್ತದೆ. ಪಟ್ಟಿ ತಿದ್ದಿಸುವುದನ್ನು ಕಾಮಗಾರಿಯ ಕೊನೆಯ ಹಂತವೆಂದು ಒಪ್ಪಂದದಲ್ಲೇ ಸೇರಿಸಿ. ಇನ್ನೊಂದು: ರಸ್ತೆಯ ಅಗಲ, ಕಂಬದ ಎತ್ತರ, ಕಂಬಗಳ ನಡುವಿನ ಅಂತರ ನೋಡದೆ ಒಂದಕ್ಕೊಂದು ಬದಲಿಸಿದರೆ ಕಂಬದ ಬುಡದಲ್ಲಿ ಝಗಮಗ, ನಡುವೆ ಕತ್ತಲು. ದೂರು ಬಂದಾಗ ಜಾಸ್ತಿ ವ್ಯಾಟಿನ ದೀಪ ಹಾಕುತ್ತಾರೆ, ಉಳಿತಾಯ ಅಲ್ಲೇ ಕರಗುತ್ತದೆ.

ಉದ್ಘಾಟನೆಗೆ ಒದಗುವುದು ದೀಪವಾದರೂ ಸಂಸ್ಥೆ ತಾನೇ ನೀರು ಪೂರೈಸುವ ಕಡೆ ಬಿಲ್ಲಿನ ದೊಡ್ಡ ಪಾಲು ಬಹುತೇಕ ಪಂಪುಗಳದ್ದು. ದಿನಕ್ಕೆ ಒಂದು ಕೋಟಿ ಲೀಟರ್ ನೀರನ್ನು 60 ಮೀಟರ್ ಎತ್ತಲು ಸಿದ್ಧಾಂತದಲ್ಲಿ ಬೇಕಾದ್ದು ಸುಮಾರು 1,635 ಯೂನಿಟ್. ಪಂಪು ಮತ್ತು ಮೋಟಾರು ಸೇರಿ ದಕ್ಷತೆ ಶೇ. 50 ಇದ್ದರೆ 3,270, ಶೇ. 70 ಇದ್ದರೆ 2,336. ವರ್ಷಕ್ಕೆ 3.4 ಲಕ್ಷ ಯೂನಿಟ್ ವ್ಯತ್ಯಾಸ, ಅದೂ ಒಂದೇ ಪಂಪುಮನೆಯಲ್ಲಿ. ಹರಿವು, ಒತ್ತಡ, ವಿದ್ಯುತ್ ಮೂರನ್ನೂ ಒಂದೇ ಹೊತ್ತಿನಲ್ಲಿ ಅಳೆದರೆ ದಕ್ಷತೆ ಗೊತ್ತಾಗುತ್ತದೆ. ಜತೆಗೆ ರಾತ್ರಿ 2ರಿಂದ 4ರ ನಡುವೆ ಕೊಳವೆಯ ಹರಿವು ನೋಡಿ: 24 ಗಂಟೆ ಪೂರೈಕೆಯಿರುವ ಬಡಾವಣೆ ಮಲಗಿರುವಾಗಲೂ ಹರಿವು ಇಳಿಯದಿದ್ದರೆ ಅದು ಬಹುಪಾಲು ಸೋರಿಕೆ.

ಮಲಿನ ನೀರು ಸಂಸ್ಕರಣಾ ಘಟಕವಿದ್ದರೆ ಬ್ಲೋಯರುಗಳ ಹತ್ತಿರ ಹೋಗಿ. ಸೂಕ್ಷ್ಮಜೀವಿಗಳಿಗೆ ಗಾಳಿ ಕೊಟ್ಟು ಕೊಳೆ ಕರಗಿಸುವ ಸಕ್ರಿಯ ಕೆಸರು ಪದ್ಧತಿಯಲ್ಲಿ ಗಾಳಿ ಊದುವುದಕ್ಕೇ ಘಟಕದ ಅರ್ಧದಷ್ಟೋ ಅದಕ್ಕೂ ಹೆಚ್ಚೋ ವಿದ್ಯುತ್ ಹೋಗುತ್ತದೆ. ತೊಟ್ಟಿಯಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 2 ಮಿ.ಗ್ರಾಂ. ಸುತ್ತಮುತ್ತ ಇದ್ದರೆ ಸಾಮಾನ್ಯವಾಗಿ ಸಾಕು. 4–5 ತೋರಿಸುತ್ತಿದ್ದರೆ ಹಣವನ್ನು ಗಾಳಿಗೆ ತೂರುತ್ತಿದ್ದೀರಿ.

ಹೊಸ ಕೆಲಸಗಳನ್ನು ಹುಡುಕುವುದಕ್ಕಿಂತ ಬದಲಾವಣೆ ಪಂಚಾಂಗ ಮಾಡುವುದು ಮೇಲು: ಯಾವ ವಾಹನ, ಪಂಪು, ಚಾವಣಿ, ಹವಾನಿಯಂತ್ರಕ ಯಾವ ವರ್ಷ ಬದಲಿಗೆ ಬರುತ್ತದೆ ಎಂಬ ಪಟ್ಟಿ. ಈ ವರ್ಷ ಕೊಂಡ ಡೀಸೆಲ್ ಲಾರಿ ಹತ್ತು ವರ್ಷ ಓಡುತ್ತದೆ. ಅದನ್ನು ತಡೆಯುವ ಅವಕಾಶ ಖರೀದಿಗೆ ಮುಂಚಿನ ಕೆಲವು ತಿಂಗಳು ಮಾತ್ರ. ವಿದ್ಯುತ್ ವಾಹನವಾದರೆ ಡಿಪೋದ ಲೋಡು ಹೆಚ್ಚಿಸಲು ವಾಹನದ ಆರ್ಡರಿಗಿಂತ ಮೊದಲೇ ಅರ್ಜಿ ಹಾಕಿ. ವಾಹನ ಬಂದು ನಿಂತು ಚಾರ್ಜಿಂಗ್‌ಗೆ ಟ್ರಾನ್ಸ್‌ಫಾರ್ಮರ್ ಕಾಯುವುದು ತೀರ ಸಾಮಾನ್ಯ ಎಡವಟ್ಟು.

ಟೆಂಡರು ಮತ್ತು ಹಣ

ಕಡಿಮೆ ದರದವರಿಗೇ ಗುತ್ತಿಗೆ ಎಂಬ ನಿಯಮವಿದ್ದರೂ ದರದ ವ್ಯಾಖ್ಯಾನವನ್ನು ಹಿಗ್ಗಿಸಬಹುದೇ ಎಂದು ಖರೀದಿ ನಿಯಮಗಳಲ್ಲಿ ನೋಡಿ. ಕೊಳ್ಳುವ ಬೆಲೆ, ಆಯುಷ್ಯಪೂರ್ತಿ ವಿದ್ಯುತ್ ವೆಚ್ಚ, ನಿರ್ವಹಣೆ, ಕೊನೆಗೆ ವಿಲೇವಾರಿ ಸೇರಿಸಿದ ಮೊತ್ತದ ಮೇಲೆ ಹೋಲಿಸುವ ಸೂತ್ರವನ್ನು, ಗಂಟೆ ಮತ್ತು ವಿದ್ಯುತ್ ದರ ಸಮೇತ, ಟೆಂಡರ್ ದಾಖಲೆಯಲ್ಲೇ ಮುದ್ರಿಸಬೇಕು. ಆಮೇಲೆ ಸೇರಿಸಿದರೆ ನ್ಯಾಯಾಲಯದಲ್ಲಿ ನಿಲ್ಲದು. ದಕ್ಷತೆಯನ್ನು ಸ್ಥಳದಲ್ಲೇ ಅಳೆದ ಮೇಲೆ ಕೊನೆಯ ಕಂತು ಎಂಬ ಷರತ್ತೂ ಇರಲಿ.

ಒಂದು ಶಾಖೆ ಬಂಡವಾಳ ಹಾಕಿ ಉಳಿತಾಯ ಇನ್ನೊಂದು ಶಾಖೆಯ ಲೆಕ್ಕಕ್ಕೆ ಹೋದರೆ ಯಾರೂ ಮುಂದೆ ಬರುವುದಿಲ್ಲ. ಇದಕ್ಕೆ ಜರ್ಮನಿಯ ಸ್ಟಟ್‌ಗಾರ್ಟ್ ನಗರ 1995ರಿಂದ ನಡೆಸುತ್ತಿರುವ ಒಳಸಾಲದ ಪದ್ಧತಿ ಒಳ್ಳೆಯ ಮಾದರಿ: ಪರಿಸರ ಕಚೇರಿಯ ಇಂಧನ ವಿಭಾಗ ಬೇರೆ ಶಾಖೆಗಳಿಗೆ ಬಂಡವಾಳ ಕೊಡುತ್ತದೆ, ಅವು ಉಳಿದ ಇಂಧನ ವೆಚ್ಚದಿಂದಲೇ ತೀರಿಸುತ್ತವೆ, ಬಂದ ಹಣ ಮುಂದಿನ ಕೆಲಸಕ್ಕೆ. ಇದು ನಡೆಯಬೇಕಾದರೆ ಉಳಿತಾಯ ಕಂಡ ಕೂಡಲೇ ಆ ಶಾಖೆಯ ವಿದ್ಯುತ್ ಅನುದಾನ ಕಡಿತಗೊಳಿಸುವುದಿಲ್ಲ ಎಂದು ಹಣಕಾಸು ವಿಭಾಗ ಬರೆದುಕೊಡಬೇಕು.

ಇನ್ನೂ ಮುಂದೆ ಹೋಗುವವರು ಓಸ್ಲೋ ನಗರದ ಹವಾಮಾನ ಬಜೆಟ್ ನೋಡಲಿ. 2017ರ ಬಜೆಟ್ಟಿನಿಂದ ಶುರುವಾದ ಈ ಪದ್ಧತಿಯಲ್ಲಿ ಹೊರಸೂಸುವಿಕೆ ಇಳಿಸುವ ಪ್ರತಿ ಕ್ರಮದ ಎದುರು ಹೊಣೆಗಾರ ಶಾಖೆಯ ಹೆಸರಿರುತ್ತದೆ, ಲೆಕ್ಕ ಹಾಕಲು ಸಾಧ್ಯವಾದ ಕಡೆ ಎಷ್ಟು ಟನ್ ಇಳಿಕೆ ಎಂಬುದೂ ಇರುತ್ತದೆ. ಹಣದ ಬಜೆಟ್ಟಿನ ಜತೆಗೇ ಅದೂ ಚರ್ಚೆಗೆ ಬರುತ್ತದೆ.

ಸಭೆ

ತಿಂಗಳಿಗೊಂದು ಸಂಪರ್ಕ ಅಧಿಕಾರಿಗಳ ಕಾರ್ಯಪಡೆ ಸಭೆ, ಮೂರು ತಿಂಗಳಿಗೊಮ್ಮೆ ಮುಖ್ಯಾಧಿಕಾರಿಯ ಅಧ್ಯಕ್ಷತೆಯಲ್ಲಿ ಒಂದು ಗಂಟೆ. ಒಂದೇ ಪುಟದ ಪಟ್ಟಿ: ಕೆಲಸ, ಹೊಣೆಗಾರರ ಹುದ್ದೆ, ಬಜೆಟ್ ಲೆಕ್ಕಶೀರ್ಷಿಕೆ (ಹಣ ಬಜೆಟ್ಟಿನ ಯಾವ ಬಾಬತ್ತಿನಿಂದ), ಮುಂದಿನ ಹೆಜ್ಜೆ, ದಿನಾಂಕ. ಲೆಕ್ಕಶೀರ್ಷಿಕೆ ಖಾಲಿಯಿರುವ ಸಾಲುಗಳನ್ನು ಬೇರೆ ಪಟ್ಟಿಗೆ ಹಾಕಿ, ಅವು ಇನ್ನೂ ಆಸೆಗಳು. ಮೇಲಿನ ಸಭೆಗೆ ಒಯ್ಯಬೇಕಾದ್ದು ಎರಡು ಶಾಖೆಗಳ ನಡುವೆ ಸಿಕ್ಕಿಬಿದ್ದ ವಿಷಯಗಳನ್ನು ಮಾತ್ರ.

ಬಿಸಿಲು, ನೆರೆ

ಹೊರಸೂಸುವಿಕೆ ತಗ್ಗಿಸುವುದರ ಜತೆ ಹೊಂದಿಕೊಳ್ಳುವ ಕೆಲಸವೂ ಇದೆ. ಅಲ್ಲಿ ಸಮನ್ವಯವೆಂದರೆ ಯಾರು ಯಾರಿಗೆ ಫೋನ್ ಮಾಡಬೇಕು ಎಂಬುದೇ. 2010ರ ಬಿಸಿಗಾಳಿಯ ನಂತರ ಅಹಮದಾಬಾದ್ 2013ರಲ್ಲಿ ತಂದ ಬಿಸಿಲು ಕ್ರಿಯಾಯೋಜನೆಯ ಬಲ ಇದರಲ್ಲಿತ್ತು: ಮುನ್ಸೂಚನೆ ಯಾವ ಮಿತಿ ದಾಟಿದರೆ ಯಾವ ಬಣ್ಣದ ಎಚ್ಚರಿಕೆ, ಆಗ ಹೊಣೆ ಹೊತ್ತ ಒಬ್ಬ ನೋಡಲ್ ಅಧಿಕಾರಿಯಿಂದ ಆಸ್ಪತ್ರೆ, ನೀರು, ಮಾಧ್ಯಮಕ್ಕೆ ಸೂಚನೆ ಹೋಗುವ ಕ್ರಮ ಮೊದಲೇ ಗೊತ್ತಾಗಿತ್ತು. ಬೇಸಿಗೆಗೆ ಎರಡು ತಿಂಗಳ ಮುಂಚೆ ಒಮ್ಮೆ ಅಣಕು ಕಾರ್ಯಾಚರಣೆ ಮಾಡಿ. ಬದಲಾದ ಫೋನ್ ನಂಬರುಗಳು ಆಗಲೇ ಸಿಗುವುದು. ನೆರೆಗೂ ಇದೇ ಕ್ರಮ, ಮಿತಿ ಮಾತ್ರ ಮಳೆ ಮತ್ತು ಕಾಲುವೆ ಮಟ್ಟದ್ದು.

ಗುರಿ ಘೋಷಣೆ

ಕೋಪನ್‌ಹೇಗನ್ 2025ಕ್ಕೆ ಇಂಗಾಲ ತಟಸ್ಥವಾಗುವ (ಬಿಟ್ಟಷ್ಟು ಇಂಗಾಲವನ್ನು ಬೇರೆಡೆ ಸರಿದೂಗಿಸಿ ನಿವ್ವಳ ಸೊನ್ನೆಗೆ ತರುವ) ಗುರಿಯನ್ನು 2012ರಲ್ಲಿ ಇಟ್ಟುಕೊಂಡು, 2022ರಲ್ಲಿ ಕೈಬಿಡಬೇಕಾಯಿತು. ಕಸದಿಂದ ವಿದ್ಯುತ್ ತಯಾರಿಸುವ ಘಟಕದಲ್ಲಿ ಇಂಗಾಲ ಹಿಡಿಯುವ ಯೋಜನೆಗೆ ಸರ್ಕಾರದ ಧನಸಹಾಯ ಸಿಗುವ ದಾರಿ ಮುಚ್ಚಿದ್ದು ಮುಖ್ಯ ಕಾರಣ. ಅದಕ್ಕೇ ಗುರಿಯ ಪಟ್ಟಿಯಲ್ಲಿ ಎರಡು ಕಾಲಂ ಇಡಿ: ನಮ್ಮ ಸಹಿಯಿಂದ ಆಗುವುದು, ಬೇರೆಯವರ ಹಣ ಅಥವಾ ಕಾನೂನು ಬೇಕಾಗುವುದು. ಎರಡನೆಯ ಕಾಲಮ್ಮಿನಲ್ಲಿ ಒಂದೇ ಯೋಜನೆ ದೊಡ್ಡ ಪಾಲು ಹೊತ್ತಿದ್ದರೆ ಪರ್ಯಾಯವನ್ನು ಈಗಲೇ ಬರೆದಿಡಿ.

ವರ್ಗಾವಣೆಗೂ ಸಿದ್ಧರಿರಿ. ಹಾಳೆಗಳು ವೈಯಕ್ತಿಕ ಲ್ಯಾಪ್‌ಟಾಪಿನಲ್ಲಿ ಇರಬಾರದು. ಕಚೇರಿಯ ಸರ್ವರಿನಲ್ಲಿ, ಗುಣಾಂಕಗಳ ಮೂಲ, ಮೀಟರ್ ಪಟ್ಟಿ, ಬಾಕಿ ಟೆಂಡರುಗಳ ದಿನಾಂಕ, ಪ್ರತಿ ಶಾಖೆಯ ಸಂಪರ್ಕ ಅಧಿಕಾರಿಯ ಹುದ್ದೆ ಬರೆದ ನಾಲ್ಕು ಪುಟದ ಹಸ್ತಾಂತರ ಟಿಪ್ಪಣಿಯೊಂದಿಗೆ ಇರಲಿ. ಅದನ್ನು ಪ್ರತಿ ಮೂರು ತಿಂಗಳ ಸಭೆಯ ನಡಾವಳಿಯ ಜತೆ ಹೊಸದಾಗಿ ಲಗತ್ತಿಸಿ.