ಮೊದಲು ಟೈಮ್ ಬರೆದಿಡಿ, ಆಮೇಲೆ ಬ್ಲಾಕ್ ಮಾಡಿ

ಹೋದ ವರ್ಷ ನಮ್ಮ ಕಾಲೇಜಿನ ಹುಡುಗಿಯೊಬ್ಬಳು ಲ್ಯಾಬ್ ಮುಗಿದ ಮೇಲೂ ಹಿಂದೆ ಉಳಿದುಕೊಂಡಳು. "ಮಿಸ್, ಒಂದು ವಿಷಯ ಹೇಳ್ಬೇಕಿತ್ತು" ಅಂದಳು. ಮೂರು ತಿಂಗಳಿಂದ ಯಾರೋ ಇನ್‌ಸ್ಟಾಗ್ರಾಂನಲ್ಲಿ ದಿನಕ್ಕೊಂದು ಹೆಸರಿಟ್ಟುಕೊಂಡು ಬಂದು ಅಸಹ್ಯವಾಗಿ ಬರೆಯುತ್ತಿದ್ದ. ಅವಳ ಫೋನಿನಲ್ಲಿ 46 ಸ್ಕ್ರೀನ್‌ಶಾಟ್ ಇದ್ದವು. ಒಂದರಲ್ಲೂ ಖಾತೆಯ ಪೂರ್ತಿ ಹೆಸರಿಲ್ಲ, ತಾರೀಖಿಲ್ಲ, ಗಂಟೆಯಿಲ್ಲ. ಬೈಗುಳವಷ್ಟೇ ಕಾಣುವ ಹಾಗೆ ಕತ್ತರಿಸಿಟ್ಟಿದ್ದಳು. ಖಾತೆಗಳನ್ನೆಲ್ಲ ರಿಪೋರ್ಟ್ ಮಾಡಿ, ಬ್ಲಾಕ್ ಮಾಡಿ, ಚಾಟ್ ಅಳಿಸಿಯೂ ಆಗಿತ್ತು. ಸ್ಟೇಷನ್ನಿನಲ್ಲಿ, "ಯಾವ ಅಕೌಂಟ್ ಅಂತಾನೇ ಇಲ್ವಲ್ಲಮ್ಮ, ಹೆಂಗೆ ಹುಡುಕೋದು?" ಎಂದು ಕೇಳಿದ್ದರಂತೆ.

ಅವಳಿಗೆ ಅಳು ಬಂದಿತ್ತು. ಆದರೆ ಪೊಲೀಸರು ಕೇಳಿದ್ದು ಸರಿಯಾದ ಪ್ರಶ್ನೆಯೇ. ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ನನ್ನ ಹತ್ತಿರ ಇಂಥ ಮಕ್ಕಳು ಬರುತ್ತಲೇ ಇರುತ್ತಾರೆ. ಹತ್ತಾರು ದೂರು ಬರೆಯುವಾಗ ಪಕ್ಕದಲ್ಲಿ ಕೂತಿದ್ದೇನೆ. ಎಲ್ಲರೂ ಅದೇ ತಪ್ಪು ಮಾಡಿರುತ್ತಾರೆ. ಪೊಲೀಸರು ಹುಡುಕುವ ದಾರಿ ಯಾವುದು ಅಂತ ಗೊತ್ತಾದರೆ ನಾವು ಏನನ್ನು ಕಾಪಾಡಿಕೊಳ್ಳಬೇಕು ಅನ್ನೋದೂ ಗೊತ್ತಾಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಹತ್ತು ನಿಮಿಷ

ಉತ್ತರ ಕೊಡಬೇಡಿ. ಏನನ್ನೂ ಅಳಿಸಬೇಡಿ. ಬ್ಲಾಕ್ ಮಾಡಿ, ಆದರೆ ಎಲ್ಲ ತೆಗೆದಿಟ್ಟುಕೊಂಡ ಮೇಲೆ. ವಾಟ್ಸ್ಆ್ಯಪ್ ಆದರೆ ಇನ್ನೂ ಹುಷಾರು. ಅಲ್ಲಿ ಮೆಸೇಜಿನಲ್ಲಿ ಏನಿತ್ತು ಅನ್ನೋದನ್ನು ಕಂಪನಿಯೂ ಓದಲಾಗದು. ಆ ಮಾತು ಉಳಿದಿರುವುದು ಅವನ ಫೋನಿನಲ್ಲಿ ಮತ್ತು ನಿಮ್ಮ ಫೋನಿನಲ್ಲಿ ಮಾತ್ರ. ನೀವು ಅಳಿಸಿದರೆ ಸಾಕ್ಷಿ ಅವನ ಕೈಯಲ್ಲಷ್ಟೇ ಉಳಿಯುತ್ತದೆ.

ಸಾಕ್ಷಿ ತೆಗೆದಿಡುವುದು

ಜನ ಎಡವುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಓದಿ.

ಒಂದು ಗೆರೆ ಹಾಕಿದ ನೋಟ್‌ಬುಕ್ ತಗೊಳ್ಳಿ. ಫೋನಿನ ನೋಟ್ಸ್ ಆ್ಯಪ್ ಬೇಡ, ಪುಸ್ತಕವೇ ಆಗಬೇಕು. ತನಿಖೆಗೆ ಬೇಕು ಅಂತ ಫೋನನ್ನೇ ಪೊಲೀಸರಿಗೆ ಕೊಡಬೇಕಾಗಿ ಬಂದರೆ ಆ್ಯಪ್ ಕೂಡ ಅದರ ಜೊತೆಗೇ ಹೋಗುತ್ತದೆ. ಪ್ರತಿ ಮೆಸೇಜಿಗೂ ಒಂದು ಸಾಲು ಬರೆಯಿರಿ: ತಾರೀಖು, ಗಂಟೆ ಮತ್ತು ನಿಮಿಷ, ಖಾತೆಯ ಹೆಸರು, ಅದರ ಲಿಂಕ್, ಏನು ಬರೆದಿದ್ದ. ಗಂಟೆಯನ್ನು ರೈಲ್ವೆ ಟೈಮಿನಲ್ಲೇ ಬರೆಯಿರಿ. ರಾತ್ರಿ ಒಂಬತ್ತೂವರೆ ಅಂದರೆ 21:30. ಬರೀ 9:30 ಅಂತ ಬರೆದರೆ ಬೆಳಗ್ಗೆಯೋ ರಾತ್ರಿಯೋ ಅನ್ನೋ ಗೊಂದಲ ಕೊನೆತನಕ ಕಾಡುತ್ತದೆ.

ಟೈಮ್ ಹುಡುಕುವುದೂ ಸುಲಭವಲ್ಲ. ಎಷ್ಟೋ ಆ್ಯಪ್‌ಗಳು ಎರಡು ಗಂಟೆ ಹಿಂದೆ, ಮೂರು ದಿನ ಹಿಂದೆ ಅಂತ ತೋರಿಸುತ್ತವೆ. ನಾಳೆ ನೋಡಿದರೆ ಅದೇ ಸ್ಕ್ರೀನ್‌ಶಾಟಿಗೆ ಅರ್ಥವೇ ಇರುವುದಿಲ್ಲ. ಇನ್‌ಸ್ಟಾಗ್ರಾಂ ಚಾಟಿನಲ್ಲಿ ಪರದೆಯನ್ನು ಎಡಕ್ಕೆ ಎಳೆದು ಹಿಡಿದರೆ ಪ್ರತಿ ಮೆಸೇಜಿನ ಪಕ್ಕ ಟೈಮ್ ಕಾಣುತ್ತದೆ. ಹಾಗೆ ಹಿಡಿದುಕೊಂಡೇ ಸ್ಕ್ರೀನ್‌ಶಾಟ್ ತೆಗೆಯಿರಿ. ಫೇಸ್‌ಬುಕ್ಕನ್ನು ಕಂಪ್ಯೂಟರಿನಲ್ಲಿ ತೆರೆದು, ಪೋಸ್ಟಿನ ತಾರೀಖಿನ ಮೇಲೆ ಮೌಸ್ ಇಟ್ಟರೆ ಪೂರ್ತಿ ದಿನ, ಗಂಟೆ ಬರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಸ್ಕ್ರೀನ್‌ಶಾಟ್ ಜೊತೆಗೆ ಎಕ್ಸ್‌ಪೋರ್ಟ್ ಚಾಟ್ ಕೂಡ ಮಾಡಿ. ಇಮೇಲ್ ಬಂದಿದ್ದರೆ ಫಾರ್ವರ್ಡ್ ಮಾಡಬೇಡಿ. ಫಾರ್ವರ್ಡ್ ಮಾಡಿದರೆ ಅದು ಬಂದ ದಾರಿಯ ವಿವರ ಕಳೆದುಹೋಗುತ್ತದೆ. ಜಿಮೇಲ್‌ನಲ್ಲಿ ಮೂರು ಚುಕ್ಕೆ ಒತ್ತಿ, ಶೋ ಒರಿಜಿನಲ್ ತೆರೆದು, ಆ ಫೈಲನ್ನೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಇನ್ನು ಖಾತೆಯ ಲಿಂಕ್. ಮೇಲೆ ಕಾಣುವ ಹೆಸರನ್ನು ಅವನು ಬದಲಾಯಿಸಬಹುದು, ನಿಮ್ಮ ಫೋಟೋನೇ ಹಾಕಿಕೊಳ್ಳಬಹುದು. ಆದರೆ ಒಳಗೆ ಪ್ರತಿ ಖಾತೆಗೂ ಕಂಪನಿ ಕೊಟ್ಟ ಒಂದು ನಂಬರ್ ಇರುತ್ತದೆ. ಹೆಸರು ಬದಲಾದರೂ ಅದು ಬದಲಾಗುವುದಿಲ್ಲ. ಇವತ್ತಿನ ಲಿಂಕ್ ಇವತ್ತೇ ಬರೆದಿಟ್ಟರೆ ಅದರಿಂದ ಕಂಪನಿ ಆ ನಂಬರನ್ನು ಹಿಡಿಯಬಹುದು. ಅದಕ್ಕೇ ನಾನು ಮಕ್ಕಳಿಗೆ ಹೇಳುವುದು: ಆ್ಯಪ್ ಬಿಡಿ, ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ ಪ್ರೊಫೈಲ್ ತೆರೆಯಿರಿ, ಮೇಲಿನ ವಿಳಾಸದ ಪಟ್ಟಿಯೂ ಕೆಳಗಿನ ಗಡಿಯಾರವೂ ಕಾಣುವ ಹಾಗೆ ಇಡೀ ಪರದೆಯ ಚಿತ್ರ ತೆಗೆಯಿರಿ. ಕತ್ತರಿಸಬೇಡಿ, ಮೇಲೆ ಕೆಂಪು ವೃತ್ತ ಎಳೆಯಬೇಡಿ. ಗೆಳತಿಗೆ ಕಳಿಸುವುದಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೋ ಆಗಿ ಕಳಿಸಿದರೆ ವಾಟ್ಸ್ಆ್ಯಪ್ ಅದನ್ನು ಕುಗ್ಗಿಸಿಬಿಡುತ್ತದೆ.

ಮೊಬೈಲ್ ನಂಬರ್ ಹಾಕಿದರೆ ಮನೆ ತೋರಿಸುತ್ತೇವೆ ಅನ್ನೋ ಟ್ರ್ಯಾಕರ್ ಆ್ಯಪ್‌ಗಳನ್ನು ದಯವಿಟ್ಟು ಹಾಕಿಕೊಳ್ಳಬೇಡಿ. ಅವು ನಿಮ್ಮ ಕಾಂಟ್ಯಾಕ್ಟ್ ಪಟ್ಟಿಯನ್ನು ಎತ್ತಿಕೊಳ್ಳಬಹುದು, ಮನೆಯಂತೂ ತೋರಿಸುವುದಿಲ್ಲ. ಐಪಿ ವಿಳಾಸ (ಇಂಟರ್ನೆಟ್‌ಗೆ ಸೇರಿದಾಗ ಸಿಗುವ ನಂಬರ್) ಹಾಕಿದರೆ ನಕ್ಷೆ ತೋರಿಸುವ ಸೈಟುಗಳೂ ಹೆಚ್ಚೆಂದರೆ ಊರಿನ ಹೆಸರು ಹೇಳುತ್ತವೆ, ಎಷ್ಟೋ ಸಲ ಅದೂ ತಪ್ಪಿರುತ್ತದೆ. ದುಡ್ಡು ಕೊಟ್ಟರೆ ಖಾತೆ ಹ್ಯಾಕ್ ಮಾಡಿ ಹೆಸರು ಹೇಳುತ್ತೇನೆ ಅನ್ನುವವರು ಇದ್ದಾರೆ. ಅದು ಅಪರಾಧ. ಅವರಿಗೆ ದುಡ್ಡು ಕೊಟ್ಟರೆ ನೀವೂ ಕೇಸಿನಲ್ಲಿ ಸಿಕ್ಕಿಬೀಳುತ್ತೀರಿ.

ದೂರು

ಬೆಂಗಳೂರಿನಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳಿಗೆಂದೇ ಸೆನ್ ಠಾಣೆಗಳಿವೆ. ದೇಶದ ಮೊದಲ ಸೈಬರ್ ಪೊಲೀಸ್ ಠಾಣೆ ಶುರುವಾಗಿದ್ದೂ 2001ರಲ್ಲಿ ಈ ಊರಿನಲ್ಲೇ. ಸೆನ್ ಠಾಣೆಗೆ ಹೋಗಬಹುದು, ಮನೆ ಹತ್ತಿರದ ಠಾಣೆಗೂ ಹೋಗಬಹುದು. "ನಮ್ಮ ಲಿಮಿಟ್ ಅಲ್ಲ" ಅಂದರೆ ಯಾವ ಠಾಣೆಯಲ್ಲಾದರೂ ದಾಖಲಿಸಬಹುದಾದ ಜೀರೋ ಎಫ್‌ಐಆರ್ ಕೇಳಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಅದಕ್ಕೆ ಅವಕಾಶ ಕೊಡುತ್ತದೆ. ಐಟಿ ಕಾಯ್ದೆಯ ಅಪರಾಧಗಳನ್ನು ಇನ್‌ಸ್ಪೆಕ್ಟರ್ ಅಥವಾ ಅವರಿಗಿಂತ ಮೇಲಿನವರೇ ತನಿಖೆ ಮಾಡಬೇಕು. ಆದ್ದರಿಂದ ಇನ್‌ಸ್ಪೆಕ್ಟರ್ ಇಲ್ಲ, ನಾಳೆ ಬನ್ನಿ ಅಂದರೆ ದೂರಿನ ಪ್ರತಿ ಕೊಟ್ಟು ಸ್ವೀಕೃತಿ ತಗೊಂಡೇ ಹೊರಡಿ.

ಸೈಬರ್‌ಕ್ರೈಮ್ ಡಾಟ್ ಗೌವ್ ಡಾಟ್ ಇನ್ ಎಂಬ ಸರ್ಕಾರಿ ಪೋರ್ಟಲ್‌ನಲ್ಲೂ ದೂರು ಕೊಡಬಹುದು. ಹೆಸರು ಹೇಳದೆ ಕೊಡುವ ದಾರಿಯೂ ಅಲ್ಲಿದೆ. ಅವನು ಸಿಗಬೇಕು ಅಂತಿದ್ದರೆ ಹೆಸರು ಕೊಟ್ಟೇ ದಾಖಲಿಸಿ. ಇಲ್ಲವಾದರೆ ದೂರು ಎಲ್ಲಿಗೆ ಬಂತು ಅಂತ ಕೇಳಲೂ ದಾರಿಯಿರುವುದಿಲ್ಲ. ಬೆದರಿಸಿ ದುಡ್ಡು ಕಿತ್ತುಕೊಂಡಿದ್ದರೆ ಅದೇ ಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ದೂರನ್ನು ಕನ್ನಡದಲ್ಲೇ, ಒಂದೂವರೆ ಪುಟದಲ್ಲಿ ಬರೆಯಿರಿ. ನೋಟ್‌ಬುಕ್ಕಿನ ಪಟ್ಟಿಯ ಜೆರಾಕ್ಸ್ ಲಗತ್ತಿಸಿ.

ಆಮೇಲೆ ಪೊಲೀಸರು ಏನು ಮಾಡುತ್ತಾರೆ

ಮೊದಲು ಆ ಖಾತೆ ಇರುವ ಕಂಪನಿಗೆ ನೋಟಿಸ್ ಹೋಗುತ್ತದೆ. ಮಾಹಿತಿ ತರಿಸಿಕೊಳ್ಳುವ ಅಧಿಕಾರ ಅದೇ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಸೆಕ್ಷನ್‌ನಲ್ಲಿದೆ. ಇದು ಪೊಲೀಸರಿಗೆ ಮಾತ್ರ ಆಗುವ ಕೆಲಸ. ಇಂಟರ್ನೆಟ್ ಆಫೀಸಿಗೆ ಹೋಗಿ ಗೋಗರೆದರೆ ನಿಮಗೆ ಯಾರೂ ಹೇಳುವುದಿಲ್ಲ, ಹೇಳಲೂಬಾರದು. ಖಾತೆ ಅಳಿಸಿಹೋದೀತು ಅನ್ನೋ ಭಯವಿದ್ದರೆ ದಾಖಲೆ ಕಾದಿಡಿ ಅಂತ ಮೊದಲೇ ಕೇಳಬಹುದು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಡೆಸುವ ಮೆಟಾ ಹೀಗೆ ಕೇಳಿದರೆ 90 ದಿನ ಕಾದಿಡುತ್ತದೆ. ಇದಕ್ಕೇ ತಡ ಮಾಡಬೇಡಿ ಅನ್ನೋದು.

ಕಂಪನಿಯಿಂದ ಬರುವ ಉತ್ತರದಲ್ಲಿ ಖಾತೆ ತೆರೆದ ದಿನ, ಕೊಟ್ಟ ಫೋನ್ ನಂಬರ್, ಇಮೇಲ್, ಯಾವ ಯಾವ ಐಪಿ ವಿಳಾಸದಿಂದ ಯಾವಾಗ ಒಳಗೆ ಬಂದ ಎಂಬ ಪಟ್ಟಿ ಇರುತ್ತದೆ. ಆ ಐಪಿ ಯಾವ ಇಂಟರ್ನೆಟ್ ಕಂಪನಿಯದು ಅಂತ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಕಷ್ಟ ಶುರುವಾಗುವುದು ಅದಾದ ಮೇಲೆ.

ಒಂದನೆಯ ಕಷ್ಟ ಗಡಿಯಾರದ್ದು. ವಿದೇಶಿ ಕಂಪನಿಗಳ ಪಟ್ಟಿ ಸಾಮಾನ್ಯವಾಗಿ ಯುಟಿಸಿ ಅನ್ನೋ, ಜಗತ್ತಿಗೆಲ್ಲ ಒಂದೇ ಆದ ಸಮಯದಲ್ಲಿರುತ್ತದೆ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಪಟ್ಟಿಯಲ್ಲಿ ಮಾರ್ಚ್ 14, 19:42 ಅಂತಿದ್ದರೆ ಬೆಂಗಳೂರಿನಲ್ಲಿ ಅದು ಮಾರ್ಚ್ 15ರ ರಾತ್ರಿ 1:12. ದಿನವೇ ಬದಲಾಯಿತು. ಇದನ್ನು ಲೆಕ್ಕ ಹಾಕದೆ ಇಂಟರ್ನೆಟ್ ಕಂಪನಿಗೆ ಪತ್ರ ಬರೆದರೆ ಬೇರೆ ಯಾರದ್ದೋ ಮನೆ ವಿಳಾಸ ಬರುತ್ತದೆ. ನೋಟ್‌ಬುಕ್ಕಿನಲ್ಲಿ ರಾತ್ರಿ 01:12ಕ್ಕೆ ಮೆಸೇಜ್ ಬಂತು ಅಂತ ನೀವು ಬರೆದಿದ್ದರೆ ತಾಳೆ ನೋಡಿ ತಪ್ಪನ್ನು ಅಲ್ಲೇ ಹಿಡಿಯಬಹುದು.

ಇದು ಸಣ್ಣ ವಿಷಯವಲ್ಲ. 2007ರಲ್ಲಿ ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಉದ್ಯೋಗಿಯನ್ನು ಆರ್ಕುಟ್ ಎಂಬ ಆಗಿನ ಜಾಲತಾಣದ ಒಂದು ಪೋಸ್ಟಿಗಾಗಿ ಪುಣೆ ಪೊಲೀಸರು ಬಂಧಿಸಿದರು. ಐಪಿ ವಿಳಾಸದ ಬಗ್ಗೆ ಇಂಟರ್ನೆಟ್ ಕಂಪನಿ ಕೊಟ್ಟ ಮಾಹಿತಿಯೇ ತಪ್ಪಾಗಿತ್ತು. ಏನೂ ಮಾಡದ ಆ ಹುಡುಗ 50 ದಿನ ಜೈಲಿನಲ್ಲಿದ್ದ. ಐಪಿಯೊಂದನ್ನೇ ನಂಬಿ ಯಾರದ್ದಾದರೂ ಹೆಸರು ಹೊರಗೆ ಹೇಳುವ ಮೊದಲು ಇದನ್ನು ನೆನಪಿಟ್ಟುಕೊಳ್ಳಿ.

ಎರಡನೆಯ ಕಷ್ಟ, ಒಂದೇ ಐಪಿಯನ್ನು ನೂರಾರು ಜನ ಹಂಚಿಕೊಳ್ಳುವುದು. ಹಳೆಯ ಮಾದರಿಯ ಐಪಿ ವಿಳಾಸಗಳು ಇಡೀ ಜಗತ್ತಿಗೆ ಸುಮಾರು 429 ಕೋಟಿ ಮಾತ್ರ. ಫೋನ್‌ಗಳು ಅದಕ್ಕಿಂತ ಜಾಸ್ತಿ. ಹಾಗಾಗಿ ಮೊಬೈಲ್ ಕಂಪನಿಗಳು ಒಂದೇ ವಿಳಾಸವನ್ನು ಬಹಳ ಜನರಿಗೆ ಒಟ್ಟಿಗೆ ಕೊಡುತ್ತವೆ. ಕಾಗದದ ಮೇಲೆ ಬರೀ ಅಪಾರ್ಟ್‌ಮೆಂಟಿನ ಹೆಸರು ಬರೆದ ಹಾಗೆ ಇದು. 400 ಮನೆಗಳಲ್ಲಿ ಯಾವುದು? ಫ್ಲ್ಯಾಟ್ ನಂಬರ್ ಬೇಕು. ಇಂಟರ್ನೆಟ್‌ನಲ್ಲಿ ಆ ಫ್ಲ್ಯಾಟ್ ನಂಬರಿಗೆ ಪೋರ್ಟ್ ಅನ್ನುತ್ತಾರೆ. ಐಪಿ, ಪೋರ್ಟ್, ಸೆಕೆಂಡಿನ ತನಕ ಟೈಮ್, ಈ ಮೂರೂ ಇದ್ದರೆ ಒಬ್ಬ ಗ್ರಾಹಕ ಸಿಗುತ್ತಾನೆ. ಪೋರ್ಟ್ ಇಲ್ಲದಿದ್ದರೆ ಆ ಹೊತ್ತಿನಲ್ಲಿ ಆ ವಿಳಾಸ ಬಳಸಿದವರ ಉದ್ದ ಪಟ್ಟಿ ಬರುತ್ತದೆ. ಆಗ ಬೇರೆ ಬೇರೆ ದಿನಗಳ ಪಟ್ಟಿ ತರಿಸಿ, ಎಲ್ಲದರಲ್ಲೂ ಇರುವ ಹೆಸರು ಯಾವುದು ಅಂತ ನೋಡಬೇಕಾಗುತ್ತದೆ. ನಿಮ್ಮ ನೋಟ್‌ಬುಕ್ಕಿನಲ್ಲಿ 20 ಸಾಲು ಇದ್ದರೆ ಯಾವ 20 ಹೊತ್ತಿಗೆ ಹುಡುಕಬೇಕು ಅನ್ನೋದು ಪೊಲೀಸರಿಗೆ ಮೊದಲೇ ಗೊತ್ತಿರುತ್ತದೆ.

ಈ ದಾಖಲೆಗಳನ್ನು ಟೆಲಿಕಾಂ ಕಂಪನಿಗಳು ಕನಿಷ್ಠ ಎರಡು ವರ್ಷ ಇಟ್ಟಿರಬೇಕು ಅಂತ 2021ರ ಡಿಸೆಂಬರಿನಿಂದ ನಿಯಮವಿದೆ. ಆರು ತಿಂಗಳಾಯಿತು, ಇನ್ನೇನು ಸಿಗುತ್ತೆ ಅಂತ ಸುಮ್ನೆ ಕೂರಬೇಡಿ.

ಮೊಬೈಲ್ ಆದರೆ ಕೊನೆಗೆ ಸಿಗುವುದು ಸಿಮ್ ಯಾರ ಹೆಸರಿನಲ್ಲಿದೆ ಎಂಬುದು. ಸಿಮ್ ಬೇರೆಯವರ ಹೆಸರಿನಲ್ಲಿದ್ದರೆ ಪ್ರತಿ ಫೋನಿಗೂ ಬೇರೆ ಬೇರೆ ಇರುವ ಐಎಂಇಐ ನಂಬರ್ ಹಿಡಿದು, ಅದೇ ಫೋನಿನಲ್ಲಿ ಇನ್ಯಾವ ಸಿಮ್ ಇತ್ತು ಅಂತ ಹುಡುಕುತ್ತಾರೆ. ವೈಫೈ ಆದರೆ ಸಿಗುವುದು ಕನೆಕ್ಷನ್ ಯಾರದ್ದು ಎಂಬುದು ಮಾತ್ರ. ಬಿಟಿಎಂ ಲೇಔಟಿನ ಒಂದು ಪಿಜಿಯಲ್ಲಿ 60 ಹುಡುಗರಿದ್ದರೆ ಬರುವ ಹೆಸರು ಪಿಜಿ ಮಾಲೀಕರದ್ದು! ಬರೆದವನು ಅವರಲ್ಲ. ಅಲ್ಲಿಂದ ಮುಂದೆ ರೂಟರ್, ಸಿಸಿಟಿವಿ, ಆ ಹೊತ್ತಿಗೆ ಯಾರು ಎಲ್ಲಿದ್ದರು ಅನ್ನೋ ವಿಚಾರಣೆ. ಫೋನ್ ವಶಕ್ಕೆ ತಗೊಂಡರೆ ಅದು ಪರೀಕ್ಷೆಗೆ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತದೆ. ನಮ್ಮ ರಾಜ್ಯದ್ದು ಮಡಿವಾಳದಲ್ಲಿದೆ.

"ವಿಪಿಎನ್ ಹಾಕಿದ್ರೆ ಯಾರೂ ಹಿಡಿಯೋಕಾಗಲ್ಲ ಅಲ್ವಾ ಮಿಸ್?" ಅಂತ ಮಕ್ಕಳು ಕೇಳುತ್ತಾರೆ. ವಿಪಿಎನ್ ಅಂದರೆ ನಮ್ಮ ಐಪಿ ಮರೆಮಾಡಿ ಬೇರೆಯದನ್ನು ತೋರಿಸುವ ಸೇವೆ. ಅದು ಇದ್ದರೆ ಆ ಐಪಿ ಹೊರದೇಶದ ಒಂದು ಕಂಪನಿಯ ಬಾಗಿಲಲ್ಲಿ ನಿಲ್ಲಬಹುದು, ನಿಜ. ಗ್ರಾಹಕರ ವಿವರವನ್ನು ಐದು ವರ್ಷ ಇಟ್ಟಿರಬೇಕು ಅಂತ 2022ರಲ್ಲಿ ಸರ್ಕಾರ ಹೇಳಿದಾಗ ಕೆಲವು ದೊಡ್ಡ ವಿಪಿಎನ್ ಕಂಪನಿಗಳು ಇಲ್ಲಿನ ಸರ್ವರ್‌ಗಳನ್ನೇ ತೆಗೆದವು. ಆದರೆ ಮೂರು ತಿಂಗಳು ಕಾಟ ಕೊಡುವವನು ಮೂರು ತಿಂಗಳೂ ಎಚ್ಚರವಾಗಿ ಇರಲಾರ. ಖಾತೆ ತೆರೆಯುವಾಗ ತನ್ನದೇ ನಂಬರ್ ಕೊಟ್ಟಿರುತ್ತಾನೆ, ಇಲ್ಲ ಒಂದು ರಾತ್ರಿ ವಿಪಿಎನ್ ಹಾಕುವುದನ್ನು ಮರೆತಿರುತ್ತಾನೆ. ಪೊಲೀಸರಿಗೆ ಅದೊಂದು ರಾತ್ರಿ ಸಾಕು.

ಕಾಯುವಾಗ

ಎಫ್‌ಐಆರ್ ಪ್ರತಿ ಉಚಿತ, ಕೇಳಿ ತಗೊಳ್ಳಿ. ಹದಿನೈದು ದಿನಕ್ಕೊಮ್ಮೆ ಹೋಗಿ ಮೂರೇ ಪ್ರಶ್ನೆ ಕೇಳಿ: ಕಂಪನಿಗೆ ನೋಟಿಸ್ ಹೋಯ್ತಾ ಸರ್, ಉತ್ತರ ಬಂತಾ, ಪೋರ್ಟ್ ನಂಬರ್ ಕೇಳಿದ್ದೀರಾ? ಠಾಣೆಯಲ್ಲಿ ದೂರೇ ತಗೊಳ್ಳದಿದ್ದರೆ ಡಿಸಿಪಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಒಬ್ಬರೇ ಹೋಗಲು ಭಯವಾದರೆ ಇನ್‌ಫೆಂಟ್ರಿ ರಸ್ತೆಯ ಪೊಲೀಸ್ ಕಮಿಷನರ್ ಕಚೇರಿಯಲ್ಲಿ ವನಿತಾ ಸಹಾಯವಾಣಿ ಇದೆ.

ನಮ್ಮ ಹುಡುಗಿಗೆ ಅವನು ಮತ್ತೆ ಹೊಸ ಹೆಸರಿನಲ್ಲಿ ಬರೆದ. ಈ ಸಲ ಅವಳು ಬ್ಲಾಕ್ ಮಾಡುವ ಮೊದಲು 11 ಸಾಲು ಬರೆದಿಟ್ಟಳು. ಐದು ತಿಂಗಳು ಹಿಡಿಯಿತು, ಆದರೆ ಸಿಕ್ಕ. ಅವಳ ಹಳೇ ಟ್ಯೂಷನ್ನಿನಲ್ಲಿ ಜೊತೆಗೆ ಓದಿದ್ದವನು. ಕೇಸು ಈಗ ಕೋರ್ಟಿನಲ್ಲಿದೆ. ಸಾಕ್ಷಿ ಹೇಳುವ ದಿನ ಯಾವ ತಾರೀಖು, ಎಷ್ಟು ಗಂಟೆ ಅಂತ ಕೇಳುತ್ತಾರೆ. ಅದಕ್ಕೆ ಆ ನೋಟ್‌ಬುಕ್ ಅವಳ ಬೀರುವಿನಲ್ಲಿ, ಮಾರ್ಕ್ಸ್ ಕಾರ್ಡುಗಳ ಜೊತೆ ಇದೆ.